ಬಲಗಡೆ ಮೂಲೆಯ ಚಂದ್ರ

ಕೋಟಿನ ಮೇಲೆ ಸಿಗರೇಟಿನ ಕಿಡಿ ಬಿದ್ದು ತೂತಾದರೆ, ಶಾಲಿಗೆ ಇಲಿ ಬಾಯಿ ಹಾಕಿದರೆ, ಹೊಸ ಪ್ಯಾಂಟು ಮೊಳೆಗೆ ಸಿಕ್ಕಿ ಹರಿದರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಸೂಜಿ ಚಿಕ್ಕಮ್ಮನನ್ನು. ಅವಳು ಬಟ್ಟೆ ಹೊಲಿಯುವವಳಲ್ಲ. ಹೊಲಿಯುವುದಕ್ಕೆ ಆ ಬೀದಿಯಲ್ಲೇ ಮೂರು ಅಂಗಡಿ ಇದ್ದವು. ಅವಳದು ರಫು ಕೆಲಸ. ರಫು ಎಂದರೆ ಹರಿದ ಜಾಗದಲ್ಲಿ ಎಳೆಗೆ ಎಳೆ ಕೂಡಿಸಿ, ಅಡ್ಡ ಒಂದು ಉದ್ದ ಒಂದು, ಮಗ್ಗದಲ್ಲಿ ನೇಯ್ದ ಹಾಗೆ ಸೂಜಿಯಲ್ಲಿ ನೇಯ್ದು ಮುಚ್ಚುವುದು. ಆ ಎಳೆ ಬೇರೆ ಕಡೆಯಿಂದ ತಂದದ್ದಾಗಬಾರದು. ಅದೇ ಬಟ್ಟೆಯ ಒಳಮಡಿಕೆಯಿಂದ, ಯಾರ ಕಣ್ಣಿಗೂ ಬೀಳದ ಅಂಚಿನಿಂದ, ಒಂದೊಂದಾಗಿ ಬಿಡಿಸಿ ತೆಗೆಯಬೇಕು. ತೆಗೆಯುವಾಗ ಎಳೆ ಕಡಿದರೆ ಅದು ಕೆಲಸಕ್ಕೆ ಬಾರದು.

ಅವಳಿಗೆ ಈ ಕೆಲಸ ಕಲಿಸಿದ್ದು ಅವಳ ಅತ್ತೆ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲ ಆರು ತಿಂಗಳು ಸೂಜಿಯನ್ನೇ ಮುಟ್ಟಿಸಲಿಲ್ಲ. ಒಂದು ಬಟ್ಟೆ ಕೊಟ್ಟು, "ಒಂದು ಬೆರಳಗಲಕ್ಕೆ ಎಷ್ಟು ಎಳೆ, ಎಣಿಸು" ಎನ್ನುತ್ತಿದ್ದಳು. ಸೊಸೆ ಇಪ್ಪತ್ತಾರು ಎಂದರೆ, "ಇನ್ನೊಂದು ಸಲ ಎಣಿಸು" ಎನ್ನುತ್ತಿದ್ದಳು. ಲೆಕ್ಕ ಸರಿ ಇದ್ದಾಗಲೂ ಹಾಗೇ ಅನ್ನುತ್ತಿದ್ದಳು. ಏಳನೆಯ ತಿಂಗಳು ಸೂಜಿ ಕೈಗೆ ಬಂದಾಗ ಸೊಸೆಗೆ ಬಟ್ಟೆ ಕಾಣಿಸುವುದೇ ನಿಂತುಹೋಗಿತ್ತು. ಎಲ್ಲಿ ನೋಡಿದರೂ ಎಳೆಗಳೇ.

ಗಂಡನದು ಇಸ್ತ್ರಿ ಅಂಗಡಿ. ಹತ್ತಡಿ ಉದ್ದ, ಎಂಟಡಿ ಅಗಲ. ಎಡಗಡೆ ಅವನ ಮೇಜು, ಬಲಗಡೆ ಕಿಟಕಿಯ ಪಕ್ಕ ಅವಳ ಮಣೆ. ಅವನು ಮಾತಿನಲ್ಲಿ ಭಾರಿ ಜಿಪುಣ. ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಹತ್ತು ಇಸ್ತ್ರಿ ಪೆಟ್ಟಿಗೆಯ ಪಾಲಿಗೆ. ಅವನು ಆಡದ ಮಾತನ್ನೆಲ್ಲ ಸೇರಿಸಿ ಅವಳೇ ಆಡುತ್ತಿದ್ದಳು. ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡು, ಬಂದವರ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಗುವುದಿದ್ದರೆ ಆಗುತ್ತದೆ ಎನ್ನುತ್ತಿದ್ದಳು. ಆಗದಿದ್ದರೆ, "ಇದು ಆಗಲ್ಲ, ತಗೊಂಡು ಹೋಗಿ, ನೆಲ ಒರೆಸೋಕೆ ಇಟ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ವಯಸ್ಸು ಕೇಳಿದರೆ ನಾಲ್ಕು ವರ್ಷ ಕಳೆದು ಹೇಳುತ್ತಿದ್ದಳು. ಮಂಡಿ ನೋವು ಹೇಗಿದೆ ಎಂದರೆ, ಯಾವ ಮಂಡಿ ಎಂದು ಕೇಳುತ್ತಿದ್ದಳು. ಬಟ್ಟೆಯ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿದವಳಲ್ಲ.

ಅವಳದೊಂದು ಸವಾಲು ಇತ್ತು. ರಫು ಮಾಡಿದ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಟ್ಟು, "ನಾನು ಮುಚ್ಚಿದ ಜಾಗದ ಮೇಲೆ ಬೆರಳಿಟ್ಟು ತೋರಿಸಿ. ತೋರಿಸಿದ ದಿನ ಸೂಜಿ ಕೆಳಗಿಡ್ತೀನಿ" ಎನ್ನುವಳು. ಜನ ಬಿಸಿಲಿಗೆ ಹಿಡಿದು ನೋಡುವರು, ತಿರುಗಿಸಿ ನೋಡುವರು, ಮೂಸಿ ಕೂಡ ನೋಡುವರು. ಮೂವತ್ತನಾಲ್ಕು ವರ್ಷ ಯಾರ ಬೆರಳೂ ಆ ಜಾಗಕ್ಕೆ ಹೋಗಲಿಲ್ಲ. ಬೀದಿಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಸವಾಲಿನ ಮೇಲೆ ನಿಂತಿತ್ತು.

ಆದರೆ ಒಂದು ಕಡೆ, ಒಂದೇ ಒಂದು ಕಡೆ, ಅವಳು ರಫು ಮಾಡದೆ ತೇಪೆ ಹಚ್ಚಿದ್ದಳು. ಅದು ಸಿನಿಮಾ ಥಿಯೇಟರಿನ ಪರದೆಯ ಮೇಲೆ.

ಆ ಥಿಯೇಟರಿನಲ್ಲಿ ಸಿನಿಮಾ ಓಡಿಸುವ ಆಪರೇಟರ್ ಅವಳ ಮೈದುನ, ಗಂಡನ ತಮ್ಮ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಏದುಸಿರು ಬಿಡುತ್ತಾ ಓಡಿ ಬಂದಿದ್ದ. ಜೇಡರ ಬಲೆ ತೆಗೆಯಲು ಹೋಗಿ ಉದ್ದನೆಯ ಕೋಲಿನ ತುದಿ ಪರದೆಗೆ ತಗುಲಿ, ಬಲಗಡೆ ಮೇಲಿನ ಮೂಲೆಯಲ್ಲಿ ಹರಿದುಹೋಗಿತ್ತು. ಆ ಪರದೆ ಹಳೆಯ ಕಾಲದ್ದು, ದಪ್ಪ ಬಟ್ಟೆಗೆ ಬಿಳಿ ಬಣ್ಣ ಬಳಿದದ್ದು. ಮಾಲೀಕನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಮೈದುನ ಕೈ ಮುಗಿದ. ಮೂರು ಗಂಟೆಯ ಆಟಕ್ಕೆ ನಲವತ್ತು ನಿಮಿಷ ಉಳಿದಿತ್ತು. ನಲವತ್ತು ನಿಮಿಷದಲ್ಲಿ ರಫು ಆಗುತ್ತದೆಯೆ? ಅವಳು ಒಂದು ಹಳೆಯ ಹಾಸಿಗೆ ಬಟ್ಟೆಯನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಗುಂಡಗೆ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿ, ಸುತ್ತಲೂ ನಾಲ್ಕು ಹೊಲಿಗೆ ಹಾಕಿ ಏಣಿ ಇಳಿದಳು. "ಇದು ಇವತ್ತಿನ ಮಟ್ಟಿಗೆ. ನಾಳೆ ಬಂದು ಸರಿ ಮಾಡ್ತೀನಿ" ಎಂದಳು. ಆ ನಾಳೆ ಬರಲಿಲ್ಲ. ಅವಳು ನೆನಪಿಸಿದಾಗೆಲ್ಲ ಮೈದುನ, "ಯಾರಿಗೂ ಕಾಣ್ತಿಲ್ಲ ಬಿಡಿ ಅತ್ತಿಗೆ. ನಾಯಕ ನಾಲ್ಕು ಜನಕ್ಕೆ ಬಾರಿಸ್ತಿರುವಾಗ ಬಲಗಡೆ ಮೂಲೆ ನೋಡೋನಿಗೆ ತಲೆ ಕೆಟ್ಟಿರ್ಬೇಕು" ಎನ್ನುತ್ತಿದ್ದ. ಅವಳೂ ಸುಮ್ಮನಾದಳು. ಆದರೆ ಆ ಥಿಯೇಟರಿಗೆ ಸಿನಿಮಾ ನೋಡಲು ಹೋಗುವುದನ್ನು ಮಾತ್ರ ಬಿಟ್ಟಳು.

ಹೀಗಿರುವಾಗ ಜಪಾನಿನ ಸಿನಿಮಾ ಬಂತು.

ಬರಬೇಕಾಗಿದ್ದ ದೊಡ್ಡ ಸಿನಿಮಾ ಒಂದು ವಾರ ತಡವಾಗಿದ್ದರಿಂದ ಮಾಲೀಕ ಖಾಲಿ ಬಿಡುವುದು ಬೇಡ ಎಂದು ಎಲ್ಲಿಂದಲೋ ಇದನ್ನು ತರಿಸಿದ್ದ. ಕಡ್ಡಿ ಪೇರಿಸಿದ ಹಾಗಿನ ಅಕ್ಷರಗಳ ಪೋಸ್ಟರು. ಅದರಲ್ಲಿ ಕೆಂಪು ಕೋಟು ತೊಟ್ಟ ಹೆಂಗಸು ತಲೆಕೆಳಗಾಗಿ ನಿಂತಿದ್ದಳು. ಪೋಸ್ಟರನ್ನೇ ತಲೆಕೆಳಗಾಗಿ ಅಂಟಿಸಿದ್ದಾರೆ ಎಂದು ಮೊದಲ ದಿನ ಇಬ್ಬರು ಬಂದು ಹೇಳಿಹೋದರು.

ಸೋಮವಾರ ಮೊದಲ ಆಟ ಮುಗಿಸಿ ಬಂದ ಮೈದುನ ಅಂಗಡಿಯ ಹೊಸ್ತಿಲ ಮೇಲೆ ಕುಳಿತ.

"ಅತ್ತಿಗೆ, ಇಪ್ಪತ್ತೇಳು ವರ್ಷದಿಂದ ಸಿನಿಮಾ ಓಡಿಸ್ತಿದ್ದೀನಿ. ಇಂಥದ್ದು ಓಡಿಸಿಲ್ಲ. ನೋಡೋಕೆ ಎರಡು ಕಣ್ಣು ಸಾಲದು. ಆದ್ರೆ ತಲೆ ಬುಡ ಒಂದೂ ಗೊತ್ತಾಗಲ್ಲ."

"ಕಥೆ ಏನು?"

"ಕಥೆ ಇದ್ರೆ ತಾನೆ ಹೇಳೋದು? ಮುಂದೆ ಯಾವತ್ತೋ ಬರೋ ಕಾಲ. ಸಮುದ್ರ ಎದ್ದು ಗೋಡೆ ಥರ ನಿಂತಿದೆ. ಆ ಗೋಡೆಗೊಂದು ಕಿಟಕಿ. ಕಿಟಕಿ ತೆಗೆದ್ರೆ ಒಳಗೆ ರೈಲು. ರೈಲಲ್ಲಿ ಆ ಕೆಂಪು ಕೋಟಿನ ಹೆಂಗಸು ಕೂತ್ಕೊಂಡು ಅಳ್ತಾಳೆ. ಕಣ್ಣೀರು ಮೇಲಕ್ಕೆ ಹೋಗುತ್ತೆ."

"ಮೇಲಕ್ಕಾ?"

"ಮೇಲಕ್ಕೆ. ಹೋಗಿ ಮೋಡ ಆಗುತ್ತೆ. ಮೋಡದಿಂದ ಹಿಮ. ಆಮೇಲೆ ಹನ್ನೆರಡು ನಿಮಿಷ ಬರೀ ಹಿಮ. ಗಡಿಯಾರ ಹಿಡಿದು ನೋಡಿದ್ದೀನಿ. ಒಂದು ಕಾಗೆನೂ ಹಾರಲ್ಲ. ಕೆಳಗೆ ಅಕ್ಷರ ಓಡ್ತಾವೆ, ಓದೋಷ್ಟರಲ್ಲಿ ಮಾಯ."

ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು, "ಸೆಕೆಗಾಲಕ್ಕೆ ಒಳ್ಳೇದು" ಎಂದ. ಅವತ್ತಿನ ಅವನ ಮಾತು ಮುಗಿಯಿತು.

ಮೊದಲ ಆಟಕ್ಕೆ ಬಂದವರು ಮೂವತ್ತೇಳು ಜನ. ಅರ್ಧಕ್ಕೆ ಎದ್ದು ಹೋದವರು ಹತ್ತೊಂಬತ್ತು. ಉಳಿದವರಲ್ಲಿ ನಾಲ್ವರು ನಿದ್ದೆಯಲ್ಲಿದ್ದರು. ಮಂಗಳವಾರ ಇನ್ನೂ ಕಡಿಮೆ. ಬುಧವಾರ ಬೆಳಗ್ಗೆ ಮಾತ್ರ ಪೇಪರಿನಲ್ಲಿ ಕಾಲೇಜು ಮೇಷ್ಟ್ರು ಬರೆದದ್ದು ಅಚ್ಚಾಯಿತು. ಈ ಮೇಷ್ಟ್ರು ಯಾರಿಗೂ ಅರ್ಥವಾಗದ ಸಿನಿಮಾಗಳನ್ನು ಹುಡುಕಿಕೊಂಡು ಹೋಗಿ ಅರ್ಥ ಮಾಡಿಕೊಂಡು ಬರುವವರು. ಮೈದುನ ಪೇಪರು ತಂದು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ.

"ಎಲ್ಲವೂ ಬದಲಾಗುವ ಈ ಚಿತ್ರದಲ್ಲಿ ಬದಲಾಗದೆ ಉಳಿಯುವುದು ಒಂದೇ. ಹಿಮದ ದೃಶ್ಯದಲ್ಲಿ ಬಲಗಡೆ ಮೇಲಿನ ಮೂಲೆಯನ್ನು ಗಮನಿಸಿ. ಅಲ್ಲಿ ಒಂದು ಬೂದು ಬಣ್ಣದ ಚಂದ್ರನಿದ್ದಾನೆ. ಅವನು ಉದಯಿಸುವುದಿಲ್ಲ, ಮುಳುಗುವುದಿಲ್ಲ. ಬಿಳಿ ಕೋಣೆಯ ದೃಶ್ಯದಲ್ಲೂ ಅದೇ ಜಾಗದಲ್ಲಿ ಅವನೇ ಇದ್ದಾನೆ. ಗೋಡೆಯನ್ನೂ ದಾಟಿ ಬಂದಿದ್ದಾನೆ. ಇಡೀ ಚಿತ್ರದ ಬೀಗದ ಕೈ ಈ ಚಂದ್ರ. ಎಲ್ಲವನ್ನೂ ನೋಡುತ್ತಾ ಕಾಯುವ ತಾಯಿಯೇ ಈ ಚಂದ್ರ. ನಿರ್ದೇಶಕರ ಸೂಕ್ಷ್ಮ ಕಲೆಗಾರಿಕೆಗೆ ನಮಸ್ಕಾರ."

ಚಿಕ್ಕಮ್ಮನ ಸೂಜಿ ಬೆರಳಿಗೆ ಚುಚ್ಚಿತು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಸೂಜಿ ಚುಚ್ಚಿಸಿಕೊಂಡದ್ದು ಬೆರಳೆಣಿಕೆಯಷ್ಟು ಸಲ.

"ಬಲಗಡೆ ಮೂಲೆ ಅಂದ್ನಾ?"

"ಬಲಗಡೆ, ಮೇಲೆ" ಎಂದ ಮೈದುನ. ನಗು ತಡೆಯಲು ಪೇಪರನ್ನು ಮುಖಕ್ಕೆ ಹಿಡಿದಿದ್ದ, ಪೇಪರು ಗಡಗಡ ಅಲುಗುತ್ತಿತ್ತು. "ಸೂಕ್ಷ್ಮ ಕಲೆಗಾರಿಕೆ ಅಂತ ಬರೆದಿದ್ದಾರೆ ಅತ್ತಿಗೆ. ನಮಸ್ಕಾರ ಬೇರೆ ಮಾಡಿದ್ದಾರೆ. ನಿಮಗೇ ಸೇರ್ಬೇಕಾದ್ದು."

ಗುರುವಾರ ಹನ್ನೊಂದು ಗಂಟೆಯ ಆಟಕ್ಕೆ ಚಿಕ್ಕಮ್ಮ ಹೋದಳು. ಥಿಯೇಟರಿನಲ್ಲಿ ನಾನೂರ ಹನ್ನೆರಡು ಕುರ್ಚಿ, ಅದರಲ್ಲಿ ಮುಕ್ಕಾಲು ತುಂಬಿದ್ದವು. ಸಮುದ್ರ ಎದ್ದು ನಿಂತಿತು, ಜನ ಬಾಯಿ ಬಿಟ್ಟರು. ಗಾಜಿನ ಊರೊಂದು ಹೂವಿನ ಹಾಗೆ ಅರಳಿತು, ಜನ ಉಸಿರು ಬಿಗಿಹಿಡಿದರು. ಚಿಕ್ಕಮ್ಮ ಇದ್ಯಾವುದನ್ನೂ ನೋಡಲಿಲ್ಲ. ಅವಳ ಕಣ್ಣು ಬಲಗಡೆ ಮೂಲೆಗೆ ನೆಟ್ಟಿತ್ತು. ಹಿಮ ಬಂದಾಗ ಅದು ಕಂಡಿತು. ಹಾಸಿಗೆ ಬಟ್ಟೆ ಮಾಸಿ ಬೂದುಗಟ್ಟಿತ್ತು. ಸುತ್ತಲಿನ ನಾಲ್ಕು ಹೊಲಿಗೆಯಲ್ಲಿ ಒಂದು ಸಡಿಲವಾಗಿ ದಾರದ ತುದಿ ನೇತಾಡುತ್ತಿತ್ತು. ಸಾರ್ವಜನಿಕರ ಮುಂದೆ ಒಳಲಂಗ ಜಾರಿದ ಹಾಗಾಯಿತು ಅವಳಿಗೆ.

ಹಿಂದಿನ ಸಾಲಿನಲ್ಲಿ ಒಬ್ಬ, "ನೋಡು, ಚಂದ್ರನಿಗೊಂದು ಬಾಲ ಇದೆ" ಎಂದು ಪಿಸುಗುಟ್ಟಿದ.

"ಬಾಲ ಅಲ್ಲ, ಅದು ಹೊಕ್ಕುಳಬಳ್ಳಿ" ಎಂದಳು ಅವನ ಹೆಂಡತಿ. "ಮೇಷ್ಟ್ರು ಅದನ್ನೇ ತಾಯಿ ಅಂದಿದ್ದು."

ಆಟ ಬಿಟ್ಟಾಗ ಹೊರಗೆ ಮೆಟ್ಟಿಲ ಮೇಲೆ ಜಗಳ ನಡೆದಿತ್ತು. ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಔಷಧಿ ಅಂಗಡಿಯವನು. ಔಷಧಿ ಅಂಗಡಿಯವನು ಎಂಥದ್ದನ್ನೂ ಮುಟ್ಟಿ ನೋಡದೆ ನಂಬುವವನಲ್ಲ, ಸೀಸೆಯ ಮೇಲಿನ ಚೀಟಿಯನ್ನೂ ಎರಡು ಸಲ ಓದುವವನು.

"ಮೇಷ್ಟ್ರೇ, ಅದು ಚಂದ್ರನೂ ಅಲ್ಲ, ತಾಯಿನೂ ಅಲ್ಲ. ಪರದೆ ಮೇಲೆ ಏನೋ ಅಂಟಿದೆ."

"ನಿಮಗೆ ಅಂಟಿದ್ದು ಕಾಣುತ್ತೆ, ನಮಗೆ ಅರ್ಥ ಕಾಣುತ್ತೆ."

"ಹಾಗಾದ್ರೆ ಭಾನುವಾರ ಬೆಳಗ್ಗೆ ಆಟದಲ್ಲಿ ದೀಪ ಹಾಕಿಸಿ, ಏಣಿ ತರಿಸಿ. ಎಲ್ಲರ ಮುಂದೆ ನಾನು ಉಗುರು ಹಾಕಿ ಕೆರೀತೀನಿ. ಏನೂ ಸಿಗದಿದ್ರೆ ನೀವು ಹೇಳಿದ್ದೇ ಸರಿ ಅಂತ ಒಪ್ಕೋತೀನಿ."

"ಆಗಲಿ" ಎಂದರು ಮೇಷ್ಟ್ರು. ಮಾಲೀಕನೂ ತಲೆಯಾಡಿಸಿದ. ಭಾನುವಾರ ಕುರ್ಚಿ ಸಾಲದೆ ಬರುತ್ತದೆ ಎಂದು ಅವನಿಗೆ ಆಗಲೇ ಕಂಡಿತ್ತು.

ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತೇ ಲೆಕ್ಕ ಹಾಕಿದಳು. ಔಷಧಿ ಅಂಗಡಿಯವನ ಉಗುರಿಗೆ ಆ ತೇಪೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಳಚಿ ಬರುತ್ತದೆ. ಯಾರು ಹಾಕಿದ್ದು ಎಂದು ಯಾರೂ ಕೇಳಬೇಕಾಗಿಲ್ಲ. ಆ ಬೀದಿಯಲ್ಲಿ ಸೂಜಿ ಎಂದರೆ ಒಬ್ಬಳೇ. ಬೆರಳಿಟ್ಟು ತೋರಿಸಿ ಎಂದು ಮೂವತ್ತನಾಲ್ಕು ವರ್ಷ ಹೇಳಿದವಳ ಕೆಲಸವನ್ನು ನಾನೂರು ಜನ ಒಟ್ಟಿಗೆ ಬೆರಳಿಟ್ಟು ತೋರಿಸುತ್ತಾರೆ.

ಅವಳು ನೆಟ್ಟಗೆ ಮೈದುನನ ಕೋಣೆಗೆ ಹೋದಳು. ಯಂತ್ರ ಬಿಸಿ ಕಾರುತ್ತಿದ್ದ ಆ ಗೂಡಿನಲ್ಲಿ ಅವನು ಚಹಾ ಕುಡಿಯುತ್ತಿದ್ದ.

"ಭಾನುವಾರ ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆ. ನನಗೆ ನಾಲ್ಕು ಗಂಟೆ ಬೇಕು."

"ಚಂದ್ರನ್ನ ಕೀಳ್ತೀರಾ? ಹಾಲ್ ತುಂಬ್ತಿದೆ ಅತ್ತಿಗೆ. ನಿನ್ನೆ ಮಾಲೀಕರು ನನ್ನ ಹೆಗಲ ಮೇಲೆ ಕೈ ಹಾಕಿದ್ರು. ಚಂದ್ರ ಹೋದ್ರೆ ಆ ಕೈ ಕುತ್ತಿಗೆಗೆ ಬರುತ್ತೆ."

"ತೇಪೆ ಕಳಚಿ ಬಂದ್ರೆ ಪರದೆ ಹರಿದಿದ್ದನ್ನ ಮೂರು ವರ್ಷ ಮುಚ್ಚಿಟ್ಟವನು ಯಾರು ಅಂತ ಅವರು ಕೇಳಲ್ವಾ? ಆಗ ಕೈ ಎಲ್ಲಿಗೆ ಬರುತ್ತೆ, ನೀನೇ ಹೇಳು."

ಮೈದುನ ಚಹಾದ ಲೋಟ ಕೆಳಗಿಟ್ಟ. ಸ್ವಲ್ಪ ಹೊತ್ತು ತಲೆ ಕೆರೆದ. ಆಮೇಲೆ ಅವನ ಮುಖದಲ್ಲಿ ಕಳ್ಳನಗೆ ಮೂಡಿತು.

"ತೆಗೀತೀನಿ. ಆದ್ರೆ ಒಂದು ಷರತ್ತು. ನೀವು ಈ ಮನೆಗೆ ಬಂದಾಗಿನಿಂದ ನನ್ನನ್ನ ನೀನು, ಬಾ, ಹೋಗು ಅಂತೀರಿ. ನನ್ನ ಮಗಳ ಬೀಗರ ಮುಂದೆನೂ ಅಂದ್ರಿ. ಇವತ್ತಿನಿಂದ ಭಾನುವಾರದವರೆಗೆ ನೀವು, ಬನ್ನಿ, ಹೋಗಿ ಅನ್ಬೇಕು. ಎಲ್ಲರ ಮುಂದೆ."

"ಚಡ್ಡಿ ಜಾರಿಸ್ಕೊಂಡು ಮೂಗು ಸುರಿಸ್ತಿದ್ದವನಿಗಾ?"

"ಅದಕ್ಕೇ ಕೇಳ್ತಿರೋದು."

ಚಿಕ್ಕಮ್ಮ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. "ಬೀಗದ ಕೈ ಜೋಪಾನವಾಗಿ ಇಟ್ಕೊಳ್ಳಿ" ಎಂದಳು. ಕಹಿ ಮಾತ್ರೆ ನುಂಗಿದ ಮುಖ ಮಾಡಿಕೊಂಡು ಮೆಟ್ಟಿಲಿಳಿದಳು.

ಆದರೆ ಇಳಿಯುವಷ್ಟರಲ್ಲಿ ಅವಳ ತಲೆ ಓಡಿತ್ತು. ಅವತ್ತೇ ಸಂಜೆ ಚಹಾದ ಅಂಗಡಿಯಲ್ಲಿ ಹತ್ತು ಜನ ಕೂತಿದ್ದಾಗ ಮೈದುನ ಬಂದ. ಚಿಕ್ಕಮ್ಮ ಎದ್ದು ನಿಂತಳು. "ಬರೋಣವಾಗಲಿ. ತಾವು ದಣಿದಿದ್ದೀರಿ. ಈ ಬೆಂಚಿನ ಮೇಲೆ ಧೂಳಿದೆ, ಒರೆಸಿಕೊಡಲಾ?" ಎಂದಳು. ಹತ್ತು ಜನವೂ ತಿರುಗಿ ನೋಡಿದರು. ಶುಕ್ರವಾರ ಅವನ ಹೆಂಡತಿಯ ಎದುರು, "ತಮ್ಮ ಆರೋಗ್ಯ ಹೇಗಿದೆ? ತಮ್ಮ ಹೊಟ್ಟೆ ಸರಿಹೋಯ್ತಾ?" ಎಂದಳು. ಶನಿವಾರದ ಹೊತ್ತಿಗೆ ಸೈಕಲ್ ರಿಪೇರಿಯವನೂ ಅವನನ್ನು ಕಂಡರೆ ಎದ್ದು ನಿಂತು ಬಾಗತೊಡಗಿದ್ದ.

"ಸಾಕು ಅತ್ತಿಗೆ, ತಪ್ಪಾಯ್ತು. ನೀನು ಅನ್ನಿ, ಬೇಕಾದ್ರೆ ಲೇ ಅನ್ನಿ" ಎಂದು ಮೈದುನ ಗೋಗರೆದ.

"ಮಾತು ಮಾತೇ. ಭಾನುವಾರದವರೆಗೆ ತಾವು ಸಹಿಸ್ಕೋಬೇಕು."

ಭಾನುವಾರ ಐದೂವರೆಗೆ ಚಿಕ್ಕಮ್ಮ, ಗಂಡ, ಮೈದುನ ಮೂವರೂ ಒಳಗೆ ಹೋದರು. ಪಕ್ಕದ ಎರಡು ದೊಡ್ಡ ಬಾಗಿಲು ತೆರೆದು ಬೆಳಕು ಬಿಟ್ಟರು. ನೆಲದಿಂದ ಹನ್ನೊಂದು ಅಡಿ ಎತ್ತರದಲ್ಲಿ ತೇಪೆ ಇತ್ತು. ಪರದೆಯ ಮುಂದೆ ಒಂದು ಏಣಿ, ಅದನ್ನು ಮೈದುನ ಹಿಡಿದ. ಹಿಂದೆ ಇನ್ನೊಂದು ಏಣಿ, ಅದರ ಮೇಲೆ ಗಂಡ. ಅವನ ಕೈಯಲ್ಲಿ ಅಂಗಿಯ ತೋಳಿಗೆ ಇಸ್ತ್ರಿ ಹಾಕುವ ಸಣ್ಣ ಹಲಗೆ. ಬಟ್ಟೆ ಜೋತು ಬೀಳದ ಹಾಗೆ ಅದನ್ನು ಹಿಂದಿನಿಂದ ಒತ್ತಿ ಹಿಡಿಯಬೇಕು, ಅಲುಗಿಸಬಾರದು.

ಮೊದಲು ಬಿಸಿ ನೀರಿನ ಬಟ್ಟೆ ಒತ್ತಿ ಗೋಂದು ನೆನೆಸಿದಳು. ತೇಪೆ ಮೆಲ್ಲಗೆ ಬಿಟ್ಟು ಬಂತು. ಅಡಿಯಲ್ಲಿ ಹರಿದದ್ದು ನಾಲ್ಕು ಬೆರಳು ಉದ್ದ, ಅಲ್ಲಿಂದ ತಿರುಗಿ ಮೂರು ಬೆರಳು ಅಡ್ಡ. ಪರದೆಯ ಕೆಳಗಿನ ಅಂಚು ಮರದ ಚೌಕಟ್ಟಿನೊಳಗೆ ಎರಡು ಬೆರಳಷ್ಟು ಮಡಚಿತ್ತು. ಮೊಳೆ ಸಡಿಲಿಸಿ ಅಲ್ಲಿಂದ ನೂರ ನಲವತ್ತು ಎಳೆ ಬಿಡಿಸಿದಳು. ಏಳು ಎಳೆ ಕಡಿದವು, ಅವನ್ನು ಎಸೆದಳು. ಒಂದು ಬೆರಳಗಲಕ್ಕೆ ಇಪ್ಪತ್ತೆರಡು ಎಳೆ. ಎರಡು ಸಲ ಎಣಿಸಿದಳು.

ಆಮೇಲೆ ಸೂಜಿ ಶುರುವಾಯಿತು. ಮೇಲೆ ಒಂದು, ಕೆಳಗೆ ಒಂದು. ಮೇಲೆ ಒಂದು, ಕೆಳಗೆ ಒಂದು. ಮಧ್ಯೆ ಬಟ್ಟೆಯ ಈ ಕಡೆಯಿಂದ ಆಗಾಗ ಕೇಳುತ್ತಿದ್ದಳು.

"ರೀ, ಇದ್ದೀರಾ?"

"ಹೂಂ."

"ಕೈ ನೋಯ್ತಿದೆಯಾ?"

"ಊಹೂಂ."

ಏಣಿಯ ಕೆಳಗಿನಿಂದ ಮೈದುನ, "ನನ್ನನ್ನ ಯಾರೂ ಕೇಳ್ತಿಲ್ಲ" ಎಂದ.

"ತಮ್ಮ ಕೈ ನೋಯ್ತಿದೆಯಾ, ಮಹಾಸ್ವಾಮಿ?"

"ಕೇಳಿದ್ದೇ ತಪ್ಪಾಯ್ತು."

ಒಂಬತ್ತಕ್ಕೆ ನೇಯ್ಗೆ ಮುಗಿಯಿತು. "ಒಂದು ಲೋಟ ಚಹಾ ತರಿಸಿ, ಹಾಲು ಬೇಡ" ಎಂದಳು. ಮೈದುನ ತಂದು ಕೊಟ್ಟಾಗ ಅವಳು ಕುಡಿಯಲಿಲ್ಲ. ತಂದಿದ್ದ ಬಿಳಿ ಬಣ್ಣಕ್ಕೆ ಹನಿ ಹನಿಯಾಗಿ ಬೆರೆಸಿದಳು. ಇಪ್ಪತ್ತು ವರ್ಷ ಜನ ಬೀಡಿ ಸೇದಿ ಹೊಗೆ ಬಿಟ್ಟ ಪರದೆಯ ಬಿಳುಪು ಹಾಲಿನ ಬಿಳುಪಲ್ಲ. ಒಂಬತ್ತು ಹನಿಗೆ ಬಣ್ಣ ಕೂಡಿತು. ಅದನ್ನು ಹೆಬ್ಬೆರಳಿನಿಂದ ತಟ್ಟಿ ತಟ್ಟಿ, ಅಂಚು ಕಾಣದ ಹಾಗೆ ಸುತ್ತಲೂ ಹರಡಿದಳು. ಕೆಳಗಿಳಿದು, ಹಿಂದೆ ಹೋಗಿ ಹತ್ತನೆಯ ಸಾಲಿನಲ್ಲಿ ನಿಂತು ನೋಡಿದಳು. ಆಮೇಲೆ ಮುಂದಿನ ಸಾಲಿಗೆ ಬಂದು ನೋಡಿದಳು. ಉಳಿದ ಚಹಾ ತಣ್ಣಗಾಗಿತ್ತು, ಅದನ್ನೇ ಕುಡಿದಳು.

ಹನ್ನೊಂದಕ್ಕೆ ಥಿಯೇಟರು ತುಂಬಿ, ಗೋಡೆಗೆ ಒರಗಿ ಜನ ನಿಂತಿದ್ದರು. ಚಿಕ್ಕಮ್ಮ ಗಂಡನ ಜೊತೆ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಮೇಷ್ಟ್ರು ಉದ್ದನೆಯ ಕೋಲು ಹಿಡಿದು ಪರದೆಯ ಪಕ್ಕ ನಿಂತು, ಮೊದಲು ಹಿಮದ ದೃಶ್ಯವನ್ನೇ ಹಾಕಿಸಿದರು. ಬಿಳಿ ಹಿಮ ಬಂತು. ಕೋಲು ಬಲಗಡೆ ಮೂಲೆಗೆ ಎದ್ದಿತು. ಅಲ್ಲೇ ನಿಂತಿತು.

ಚಂದ್ರ ಇರಲಿಲ್ಲ.

ಜನ ಗುಜುಗುಜು ಎಂದರು. ಮೇಷ್ಟ್ರ ಕನ್ನಡಕ ಜಾರಿತು. ಔಷಧಿ ಅಂಗಡಿಯವನು ಎದ್ದು, "ಅಂಟಿದ್ದನ್ನ ಯಾರೋ ಒರೆಸಿದ್ದಾರೆ. ದೀಪ ಹಾಕಿ" ಎಂದ. ದೀಪ ಬಂತು. ಅವನು ಟಾರ್ಚು ಹಿಡಿದು ಏಣಿ ಹತ್ತಿದ. ಅಂಗೈ ಸವರಿದ, ಉಗುರಿನಿಂದ ಕೆರೆದ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಟ್ಟು ನೋಡಿದ. ಎಂಟು ನಿಮಿಷ ಹಾಗೇ ಇದ್ದ.

"ಅಂಟಿದ್ದ ಗುರುತು ಇಲ್ಲ" ಎಂದ. ಅವನು ನೇರ ಮನುಷ್ಯ. "ಆದ್ರೆ ನನ್ನ ಕಣ್ಣು ಔಷಧಿ ನೋಡೋ ಕಣ್ಣು. ಬಟ್ಟೆ ನೋಡೋ ಕಣ್ಣು ಇಲ್ಲೇ ಇದೆ. ಚಿಕ್ಕಮ್ಮ, ಸ್ವಲ್ಪ ಮೇಲೆ ಬನ್ನಿ. ಇಲ್ಲಿ ಯಾರಾದ್ರೂ ಕೈ ಹಾಕಿದ್ದಾರಾ ನೋಡಿ ಹೇಳಿ. ನೀವು ಹೇಳಿದ್ದೇ ಕೊನೆ ಮಾತು."

ಚಿಕ್ಕಮ್ಮ ಇದನ್ನು ಎಣಿಸಿರಲಿಲ್ಲ. ಏಣಿ ಹತ್ತಿದಳು. ಮೇಲೆ ನಿಂತು ಪರದೆ ನೋಡಿದಳು. ಇಲ್ಲ ಎಂದುಬಿಟ್ಟರೆ ಮುಗಿಯಿತು. ಸವಾಲು ಉಳಿಯುತ್ತದೆ, ಮೈದುನನ ಕುತ್ತಿಗೆಯೂ ಉಳಿಯುತ್ತದೆ. ಬಾಯಿ ತೆರೆದಳು. ಬಟ್ಟೆ ಮೂಗಿನ ಮುಂದೆ ಇತ್ತು. ಬಟ್ಟೆಯ ಮುಂದೆ ನಿಂತು ಆ ಸುಳ್ಳು ನಾಲಗೆಗೆ ಬರಲೊಲ್ಲದು. ಅದಕ್ಕಿಂತ ಒಳಗೊಳಗೆ ಇನ್ನೊಂದು ತುರಿಕೆಯೂ ಇತ್ತು. ಅವಳ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಅವಳು ಮಾಡಿದ್ದಿಲ್ಲ, ನಾನೂರು ಜನ ಎದುರಿಗಿದ್ದಾರೆ, ಅದನ್ನು ಒಬ್ಬರೂ ನೋಡಿಲ್ಲ.

"ಕೈ ಹಾಕಿದ್ದಾರೆ" ಎಂದಳು. "ನಾನೇ ಹಾಕಿದ್ದು. ಇಲ್ಲಿ ಪರದೆ ಹರಿದಿತ್ತು. ಮೂರು ವರ್ಷದ ಹಿಂದೆ ನಾನು ತೇಪೆ ಹಚ್ಚಿದ್ದೆ. ನೀವು ಚಂದ್ರ ಅಂದಿದ್ದು ಅದೇ. ಇವತ್ತು ಬೆಳಗ್ಗೆ ಅದನ್ನ ತೆಗೆದು ರಫು ಮಾಡಿದೆ."

ಯಾರೋ ಒಬ್ಬ ನಕ್ಕ. ಆಮೇಲೆ ಇಡೀ ಥಿಯೇಟರು ನಕ್ಕಿತು.

"ಎಲ್ಲಿ ಚಿಕ್ಕಮ್ಮ, ತೋರಿಸಿ" ಎಂದರು ಮೇಷ್ಟ್ರು.

"ಇಲ್ಲಿ" ಎಂದು ಬೆರಳಿಟ್ಟಳು. ನೋಡಿದಳು. ಬೆರಳು ಸ್ವಲ್ಪ ಎಡಕ್ಕೆ ಸರಿಸಿದಳು. "ಇಲ್ಲಲ್ಲ, ಇಲ್ಲಿ." ಬಗ್ಗಿ ಎಳೆ ಎಣಿಸಲು ನೋಡಿದಳು. ಎಲ್ಲ ಎಳೆಯೂ ಒಂದೇ ಥರ ಇದ್ದವು. ಮೂಲೆಯಿಂದ ಒಂದು ಮೊಳ ಕೆಳಗೆ ಎಂದು ನೆನಪಿತ್ತು. ಮೊಳ ಹಾಕಿದಳು. ಅಲ್ಲೂ ಅದೇ ಬಟ್ಟೆ. ಅವಳಿಗೇ ಸಿಗುತ್ತಿಲ್ಲ.

"ಇಲ್ಲೇ ಎಲ್ಲೋ ಇತ್ತು" ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಂಬದಿ ಗೋಡೆಯ ಪುಟ್ಟ ಕಿಂಡಿಯಲ್ಲಿ ಮೈದುನನ ಮುಖ ಕಾಣುತ್ತಿತ್ತು. ಅವಳು ಅತ್ತ ಕೈ ತೋರಿಸಿ, "ತಾವಾದ್ರೂ ಹೇಳಿ ಇವರಿಗೆ" ಎಂದಳು.

"ನನಗೇನೂ ಗೊತ್ತಿಲ್ಲ ಅತ್ತಿಗೆ" ಎಂದು ಮುಖ ಒಳಗೆಳೆದುಕೊಂಡ.

ಮಾಲೀಕ ಮುಂದಿನ ಸಾಲಿನಿಂದ ಎದ್ದು, ತನ್ನ ಪರದೆ ಯಾವತ್ತೂ ಹರಿದದ್ದೇ ಇಲ್ಲ ಎಂದು ಎದೆ ತಟ್ಟಿ ಹೇಳಿದ. ಔಷಧಿ ಅಂಗಡಿಯವನು ಏಣಿಯ ಬುಡದಲ್ಲಿ ನಿಂತು ಕೈ ಜೋಡಿಸಿದ. "ಚಿಕ್ಕಮ್ಮ, ನನಗೆ ಮುಖಭಂಗ ಆಗ್ಬಾರ್ದು ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ದೊಡ್ಡ ಮನಸ್ಸು ನಿಮ್ಮದು. ಬೇಡ. ನಾನು ಸೋತೆ." ಮೇಷ್ಟ್ರಿಗೆ ಆ ಹೊತ್ತಿಗೆ ಮಾತು ವಾಪಸು ಬಂದಿತ್ತು. ಕೋಲು ಎತ್ತಿ ಹಿಡಿದು, "ಚಂದ್ರ ಪರದೆಯ ಮೇಲೂ ಇರಲಿಲ್ಲ, ಸಿನಿಮಾದಲ್ಲೂ ಇರಲಿಲ್ಲ. ನಾಲ್ಕು ದಿನ ಇಡೀ ಊರು ಸೇರಿ ಒಂದೇ ಕನಸು ಕಂಡಿತು. ನಿರ್ದೇಶಕ ಮಾಡಿದ ಮೋಡಿ ಇದೇ" ಎಂದರು. ಚಪ್ಪಾಳೆ ಬಿತ್ತು. ಕನಸು ಕಂಡವರೆಲ್ಲ ತಮಗೆ ತಾವೇ ತಟ್ಟಿಕೊಂಡರು.

"ಚಿಕ್ಕಮ್ಮ, ತಮಾಷೆ ಸಾಕು, ಇಳೀರಿ. ಸಿನಿಮಾ ಶುರು ಆಗ್ಲಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಅವಳು ಇಳಿದು ಬಂದು ಗಂಡನ ಪಕ್ಕ ಕೂತಳು. ಮುಖ ಕೆಂಪಾಗಿತ್ತು. ಅವನು ಅವಳ ಕಡೆ ತಿರುಗದೆ ಕೇಳಿದ.

"ಹೇಳಿದೆಯಾ?"

"ಹೇಳಿದೆ. ನೀವೂ ಕೇಳಿಸ್ಕೊಂಡ್ರಲ್ಲ."

"ನಂಬಿದ್ರಾ?"

"ಒಬ್ಬರೂ ಇಲ್ಲ."

"ಹಾಗಾದ್ರೆ ಚೆನ್ನಾಗೇ ಮಾಡಿದ್ದೀಯ" ಎಂದ.

ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ಅವಳ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು. ಅವಳು ಉತ್ತರ ಕೊಡುವ ಮೊದಲೇ ದೀಪ ಆರಿತು. ಸಮುದ್ರ ಎದ್ದು ನಿಂತಿತು. ಬಲಗಡೆ ಮೂಲೆಯಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಅವಳು ಮೊದಲ ಸಲ ಸಿನಿಮಾ ನೋಡಿದಳು. ಗಾಜಿನ ಊರು ಅರಳಿದಾಗ ಅವಳ ಬಾಯಿಯೂ ತಾನಾಗಿ ತೆರೆಯಿತು. ರೈಲಿನಲ್ಲಿ ಕೆಂಪು ಕೋಟಿನ ಹೆಂಗಸು ಅಳುತ್ತಿದ್ದಳು, ಅವಳ ಕೋಟಿನ ಗುಂಡಿ ಎಡಕ್ಕೆ. ಬಿಳಿ ಕೋಣೆಯಲ್ಲಿ ನಗುತ್ತಿದ್ದವಳ ಕೋಟಿನ ಗುಂಡಿ ಬಲಕ್ಕೆ. ಕಾಲರಿನ ಹೊಲಿಗೆಯೂ ಬೇರೆ. ಕೆಂಪು ಕೋಟಿನ ಹೆಂಗಸು ಒಬ್ಬಳಲ್ಲ, ಇಬ್ಬರು. ಇಬ್ಬರು ಎಂದುಕೊಂಡು ನೋಡಿದರೆ ಸಮುದ್ರ ಯಾಕೆ ಎದ್ದಿತು, ಕಣ್ಣೀರು ಯಾಕೆ ಮೇಲಕ್ಕೆ ಹೋಯಿತು ಎಂಬುದೆಲ್ಲ ಎಳೆ ಎಳೆಯಾಗಿ ಬಿಡಿಸಿಕೊಂಡಿತು. ಮೇಷ್ಟ್ರು ಐದು ಸಲ ನೋಡಿದ್ದರೂ ಇದನ್ನು ಎಲ್ಲೂ ಬರೆದಿರಲಿಲ್ಲ.

ಮುಂದಿನ ಸಾಲಿನಲ್ಲೇ ಮೇಷ್ಟ್ರ ತಲೆ ಕಾಣುತ್ತಿತ್ತು. ಕೈ ಚಾಚಿದರೆ ಭುಜ ತಟ್ಟಿ ಹೇಳಬಹುದಿತ್ತು. ಚಿಕ್ಕಮ್ಮ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಒಂದು ದಿನಕ್ಕೆ ಒಂದು ನಿಜ ಹೇಳಿ ಆಗಿತ್ತು.